ಹಚ್ಚುವ ಬಣ್ಣ, ಹತ್ತುವ ಬಣ್ಣ: ಅಲತಗೆಯಿಂದ ಉಗುರುಬಣ್ಣದವರೆಗೆ

ಕಾಳಿದಾಸನ ‘ಮಾಲವಿಕಾಗ್ನಿಮಿತ್ರ’ ನಾಟಕದ ಮೂರನೆಯ ಅಂಕದಲ್ಲಿ ಪ್ರಸಾಧನಕ್ಕೆ ಸಂಬಂಧಿಸಿದ ಒಂದು ಕಿರಿದಾದ ಸನ್ನಿವೇಶವಿದೆ. ಅಶೋಕವೃಕ್ಷವು ಹೂ ಬಿಡಲೆಂದು ಅದನ್ನು ಪಾದದಿಂದ ತಾಡಿಸಬೇಕಾದವಳು ಮಾಲವಿಕೆ. ಅದಕ್ಕೆ ಮುನ್ನ ಸಖಿ ಬಕುಲಾವಳಿಕೆಯು ಅವಳ ಪಾದಕ್ಕೆ ಅಲಕ್ತಕರಸವನ್ನು ಹಚ್ಚುತ್ತಾಳೆ. ಬಣ್ಣವಿನ್ನೂ ಹಸಿಯಾಗಿದೆ, ಬಾಯಿಂದ ಊದಿ ಆರಿಸುವುದಷ್ಟೇ ಉಳಿದಿದೆ. ಆದರೆ ಗಾಳಿ ಚೆನ್ನಾಗಿ ಆಡುವ ಎಡೆಯಾದುದರಿಂದ ಅದರ ಅಗತ್ಯವೂ ಇಲ್ಲವೆಂದು ಸಖಿ ಹೇಳುತ್ತಾಳೆ. ಮರೆಯಲ್ಲಿ ನಿಂತು ಇದನ್ನೆಲ್ಲ ನೋಡುತ್ತಿರುವ ಅಗ್ನಿಮಿತ್ರನಿಗಾದರೋ, ಆ ಹಸಿ ಪಾದವನ್ನು ಊದಿ ಆರಿಸುವುದೇ ತನಗೆ ಒದಗಿರುವ ಮೊದಲ ಸೇವಾವಕಾಶವೆಂದು ತೋರುತ್ತದೆ.

ಇಂದು ಮನೆಯಲ್ಲಿ ಕುಳಿತು ಉಗುರುಬಣ್ಣ ಹಚ್ಚಿಕೊಂಡವರೂ ಕುಂಚವನ್ನು ಬಾಟಲಿಗೆ ಹಿಂದಿರುಗಿಸಿದೊಡನೆ ಮಾಡುವ ಕೆಲಸ ಬೆರಳುಗಳನ್ನು ಊದುವುದೇ ಆಗಿದೆ. ಈ ಹೋಲಿಕೆಯನ್ನು ನೆಚ್ಚಿ ‘ಅಲಕ್ತಕ’ವೆಂದರೆ ಪ್ರಾಚೀನರ ನೇಲ್ ಪಾಲಿಶ್ ಎಂದು ವಿವರಿಸುವುದು ತರಗತಿಗಳಲ್ಲಿಯೂ ಟಿಪ್ಪಣಿಗಳಲ್ಲಿಯೂ ರೂಢಿಯಾಗಿದೆ. ಈ ವಿವರಣೆ ಸುಲಭವಾದುದು, ಆದರೆ ಸರಿಯಾದುದಲ್ಲ. ಎರಡರ ದ್ರವ್ಯ ಬೇರೆ, ಹಿಡಿಯುವ ಬಗೆ ಬೇರೆ, ಬಾಳಿಕೆಯ ಬಗ್ಗೆ ಬಳಸುವವರಿಗಿದ್ದ ನಿರೀಕ್ಷೆಯೂ ಬೇರೆ. ಉಗುರುಬಣ್ಣ ಬಹುದಿನ ನಿಲ್ಲುವಂತೆ ಮಾಡುವುದು ಹೇಗೆಂಬ ಇಂದಿನ ಗೃಹಪ್ರಶ್ನೆಗೂ ಪ್ರಾಚೀನ ಪಠ್ಯದಲ್ಲಿ ಬರುವ ಒಂದು ಪದದ ಅರ್ಥನಿರ್ಣಯಕ್ಕೂ ಒಂದೇ ತಿಳಿವಳಿಕೆ ಬೇಕಾಗುತ್ತದೆ: ಬಣ್ಣವು ಮೈಯನ್ನು ಹಿಡಿಯುವುದು ಹೇಗೆ?

ಈ ತಿಳಿವಳಿಕೆಯ ಬೀಜ ಕನ್ನಡ ಭಾಷೆಯಲ್ಲಿಯೇ ಇದೆ. ಬಣ್ಣವನ್ನು ‘ಹಚ್ಚುತ್ತಾರೆ’, ಬಣ್ಣ ‘ಹತ್ತುತ್ತದೆ’. ಹತ್ತು ಎಂದರೆ ಅಂಟಿಕೊಳ್ಳು, ಸೇರಿಕೊಳ್ಳು. ಹಚ್ಚು ಎಂದರೆ ಹತ್ತುವಂತೆ ಮಾಡು. ಮೊದಲನೆಯದು ವಸ್ತುವಿನ ಗುಣವನ್ನೂ ಎರಡನೆಯದು ಮನುಷ್ಯನ ಯತ್ನವನ್ನೂ ಹೇಳುತ್ತದೆ. ಹಚ್ಚಿದ್ದೆಲ್ಲವೂ ಹತ್ತುವುದಿಲ್ಲ ಎಂಬುದು ಮನೆಮನೆಯ ಅನುಭವ. ಮೈಬಣ್ಣಗಳ ಚರಿತ್ರೆಯನ್ನು ಈ ಎರಡು ಕ್ರಿಯಾಪದಗಳ ನಡುವಿನ ಅಂತರವಾಗಿ ಓದಬಹುದು.

ಮೊದಲು ಅಲಕ್ತಕ. ಇದರ ತದ್ಭವ ಕನ್ನಡದಲ್ಲಿ ಅಲತಗೆ. ಮುತ್ತುಗ, ಬೋರೆ ಮೊದಲಾದ ಮರಗಳ ಎಳೆಗೊಂಬೆಗಳ ರಸ ಹೀರಿ ಬದುಕುವ ಅತಿ ಸಣ್ಣ ಕೀಟಗಳು ತಮ್ಮ ಸುತ್ತಲೂ ಒಂದು ರಾಳವನ್ನು ಸ್ರವಿಸುತ್ತವೆ. ಆ ರಾಳವೇ ಅರಗು, ಸಂಸ್ಕೃತದ ಲಾಕ್ಷಾ. ಕೊಂಬೆಯಿಂದ ಕೆರೆದು ತೆಗೆದ ಕಚ್ಚಾ ಅರಗನ್ನು ನೀರಿನಲ್ಲಿ ತೊಳೆದರೆ ಕೀಟದ ದೇಹದಲ್ಲಿದ್ದ ಕೆಂಪು ನೀರಿಗಿಳಿಯುತ್ತದೆ, ರಾಳ ಹಿಂದುಳಿಯುತ್ತದೆ. ಹೀಗೆ ಒಂದೇ ವಸ್ತುವಿನಿಂದ ಎರಡು ಪದಾರ್ಥಗಳು ಹುಟ್ಟುತ್ತವೆ. ನೀರಿಗಿಳಿದ ಕೆಂಪು ಅಲತಗೆ. ನೀರಿನಲ್ಲಿ ಕರಗದೆ ಉಳಿದುದು ಅರಗು. ಪಾದಕ್ಕೂ ತುಟಿಗೂ ಹೋದುದು ಮೊದಲನೆಯದು, ಎರಡನೆಯದಲ್ಲ. ವಾತ್ಸ್ಯಾಯನನ ‘ಕಾಮಸೂತ್ರ’ದಲ್ಲಿ ನಾಗರಕನ ದಿನಚರಿಯನ್ನು ಹೇಳುವಾಗ ಅವನ ಬೆಳಗಿನ ಪ್ರಸಾಧನದಲ್ಲಿ ಮೇಣದ ಜೊತೆಗೆ ಅಲಕ್ತಕವೂ ಸೇರಿದೆ. ಆದ್ದರಿಂದ ಇದು ಕೇವಲ ಸ್ತ್ರೀಯರ ಪ್ರಸಾಧನವೂ ಆಗಿರಲಿಲ್ಲ.

ನೀರಿನಲ್ಲಿ ಕರಗುವ ಬಣ್ಣ ಬಹುಕಾಲ ನಿಲ್ಲದು. ಇದಕ್ಕೆ ಕಾವ್ಯಗಳೇ ಸಾಕ್ಷಿ. ‘ಮೇಘದೂತ’ದ ಉಜ್ಜಯಿನಿಯ ಸೌಧಗಳಲ್ಲಿ ವನಿತೆಯರ ಪಾದರಾಗದ ಗುರುತುಗಳು ಬಿದ್ದಿವೆ. ‘ರಘುವಂಶ’ದ ಹದಿನಾರನೆಯ ಸರ್ಗದಲ್ಲಿ ಹಾಳುಬಿದ್ದ ಅಯೋಧ್ಯೆಯ ಅಧಿದೇವತೆ ಕುಶನ ಮುಂದೆ ಬಂದು ತನ್ನ ಪಾಡನ್ನು ಹೇಳಿಕೊಳ್ಳುತ್ತಾಳೆ. ರಮಣಿಯರು ಬಣ್ಣದ ಅಡಿಗಳನ್ನಿಡುತ್ತಿದ್ದ ಅದೇ ಸೋಪಾನಗಳಲ್ಲಿ ಈಗ ಆಗತಾನೆ ಜಿಂಕೆಯನ್ನು ಕೊಂದ ಹುಲಿಗಳು ನೆತ್ತರು ಮೆತ್ತಿದ ಅಡಿಗಳನ್ನಿಡುತ್ತಿವೆ. ಕೆಂಪಿನ ಗುರುತೊಂದು ಉಳಿದು ಅದರ ಅರ್ಥವೇ ತಿರುಗುಮುರುಗಾದ ಈ ಚಿತ್ರ ಸಂಸ್ಕೃತ ಕಾವ್ಯದ ಘೋರ ಚಿತ್ರಗಳಲ್ಲೊಂದು. ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ, ಅಲತಗೆಯು ಪಾದದಿಂದ ನೆಲಕ್ಕೆ ಹತ್ತದಿದ್ದರೆ ಈ ಕವಿಸಮಯವೇ ಸಾಧ್ಯವಾಗುತ್ತಿರಲಿಲ್ಲ. ಕಾವ್ಯಲೋಕದಲ್ಲಿ ಆ ಬಣ್ಣ ಬಿಡುವುದು ದೋಷವಲ್ಲ, ಶೋಭೆ. ನಡೆದವಳ ಸುಳಿವನ್ನು ಅದು ನೆಲದ ಮೇಲೆ ಬರೆಯುತ್ತದೆ. ‘ನೇಲ್ ಪಾಲಿಶ್’ ಎಂದು ಅನುವಾದಿಸಿದ ಮರುಕ್ಷಣವೇ ಈ ಹೆಜ್ಜೆಗುರುತುಗಳೆಲ್ಲ ಅಳಿಸಿಹೋಗುತ್ತವೆ. ಏಕೆಂದರೆ ಒಣಗಿದ ನೇಲ್ ಪಾಲಿಶ್ ನೆಲಕ್ಕೆ ಹತ್ತುವುದಿಲ್ಲ.

ಉಗುರುಗಳ ವರ್ಣನೆಯಲ್ಲಿಯೂ ಇಂಥದೇ ಎಚ್ಚರ ಅಗತ್ಯ. ಸಂಸ್ಕೃತದಲ್ಲಿಯೂ ಕನ್ನಡದ ಚಂಪೂಕಾವ್ಯಗಳಲ್ಲಿಯೂ ಕವಿಗಳು ಉಗುರನ್ನು ಹೆಚ್ಚಾಗಿ ಹೊಗಳುವುದು ಅದರ ಹೊಳಪಿಗಾಗಿ. ಉಗುರು ಚಂದ್ರ, ಉಗುರು ಕನ್ನಡಿ. ಎರಗುವವರ ಕಿರೀಟರತ್ನಗಳ ಕಾಂತಿ ನಖಕಾಂತಿಯೊಡನೆ ಬೆರೆಯುವುದು ಜಿನಸ್ತುತಿಗಳಲ್ಲಿಯೂ ರಾಜಸ್ತುತಿಗಳಲ್ಲಿಯೂ ಚಿರಪರಿಚಿತ ಕಲ್ಪನೆ. ಇದು ಬಳಿದ ಬಣ್ಣದ ವರ್ಣನೆಯಲ್ಲ. ಉಗುರಿನದೇ ನಯದ ವರ್ಣನೆ. ಯುರೋಪು, ಅಮೆರಿಕಗಳಲ್ಲಿಯೂ ಇಪ್ಪತ್ತನೆಯ ಶತಮಾನದ ಆರಂಭದವರೆಗೆ ‘ನೇಲ್ ಪಾಲಿಶ್’ ಎಂದರೆ ಮುಖ್ಯವಾಗಿ ನಯವಾದ ಪುಡಿಯನ್ನೋ ಲೇಹ್ಯದಂಥ ದ್ರವ್ಯವನ್ನೋ ಹಾಕಿ ಮೆದು ತೊಗಲಿನಿಂದ ಉಜ್ಜಿ ಹೊಳಪೇರಿಸುವುದೇ ಆಗಿತ್ತು. ಉಜ್ಜುವ ಕ್ರಿಯೆ ಹಿಂದೆ ಸರಿದರೂ ‘ಪಾಲಿಶ್’ ಎಂಬ ಹೆಸರು ಬಳಿಯುವ ದ್ರವಕ್ಕೆ ಉಳಿದುಕೊಂಡಿತು.

ಇನ್ನು ನಿಜವಾಗಿ ‘ಹತ್ತುವ’ ಬಣ್ಣವೆಂದರೆ ಮದರಂಗಿ. ಹಳೆಯ ಮೈಸೂರು ಸೀಮೆಯ ಅನೇಕ ಮನೆಗಳಲ್ಲಿ ಇದಕ್ಕೆ ಗೋರಂಟಿಯೆಂದು ಹೆಸರು. ಈ ಹೆಸರಿನಲ್ಲಿಯೂ ಒಂದು ತೊಡಕಿದೆ. ಮುಳ್ಳುಗೋರಂಟಿ ಮೊದಲಾದವು ಹೂವಿನ ಗಿಡಗಳು; ಬಣ್ಣದ ಎಲೆಯ ಗೋರಂಟಿಯೇ ಬೇರೆ. ಆದುದರಿಂದ ಹಳೆಯ ಪದ್ಯವೊಂದರಲ್ಲಿ ಗೋರಟೆ, ಗೋರಂಟೆಗಳು ಬಂದ ಮಾತ್ರಕ್ಕೆ ಅಲ್ಲಿ ಕೈಗೆ ಹಚ್ಚುವ ಬಣ್ಣವಿದೆಯೆಂದು ಊಹಿಸಲಾಗದು. ಸಂದರ್ಭ ಹೂವಿನದೋ ಎಲೆಯದೋ ಎಂದು ನೋಡಬೇಕು. ಎಲೆಯನ್ನು ಅರೆದು ನಿಂಬೆಯ ಹುಳಿ ಸೇರಿಸಿ ಬೆರಳ ತುದಿಗಳಿಗೆ ಟೋಪಿಯಂತೆ ಮೆತ್ತಿ ರಾತ್ರಿಯಿಡೀ ಬಿಡುವ ಪದ್ಧತಿ ಇಂದಿಗೂ ಇದೆ. ಎಲೆಯಲ್ಲಿರುವ ಲಾಸೋನ್ ಎಂಬ ವರ್ಣದ್ರವ್ಯ ಉಗುರಿಗೂ ಚರ್ಮಕ್ಕೂ ಸಮಾನವಾದ ಕೆರಾಟಿನ್ ಎಂಬ ಪ್ರೋಟೀನಿನೊಳಗೆ ಇಳಿದು ಅದರೊಡನೆ ಬೆಸೆದುಕೊಳ್ಳುತ್ತದೆ. ಬೆಳಗ್ಗೆ ಕಿತ್ತಳೆಯಾಗಿ ಕಂಡದ್ದು ಒಂದೆರಡು ದಿನಗಳಲ್ಲಿ ಗಾಳಿಯ ಸಂಪರ್ಕದಿಂದ ಗಾಢವಾಗುತ್ತದೆ. ಮೊದಲ ದಿನ ಕೈಗೆ ನೀರು ಸೋಕಿಸಬೇಡವೆಂದು ಅಜ್ಜಿಯರು ಗದರುತ್ತಿದ್ದುದರ ಅರ್ಥ ಇದೇ.

ಅಂಗೈಯ ಕೆಂಪು ಎರಡು ಮೂರು ವಾರಗಳಲ್ಲಿ ಚರ್ಮದ ಹೊರಪದರದೊಡನೆ ಉದುರಿಹೋಗುತ್ತದೆ. ಉಗುರಿನ ಕೆಂಪು ಮಾತ್ರ ಹೋಗುವುದಿಲ್ಲ. ಉಗುರೇ ಮುಂದೆ ಸಾಗುತ್ತದೆ. ಕೈಯುಗುರು ತಿಂಗಳಿಗೆ ಸುಮಾರು 3 ಮಿಲಿಮೀಟರ್ ಬೆಳೆಯುವುದರಿಂದ ಪೂರ್ಣವಾಗಿ ಹೊಸದಾಗಲು ಆರು ತಿಂಗಳೇ ಹಿಡಿಯುತ್ತದೆ. ಅಷ್ಟು ಕಾಲವೂ ಕೆಂಪು ಬಾಲಚಂದ್ರನಂತೆ ಉಗುರಿನ ತುದಿಯತ್ತ ಸರಿಯುತ್ತಿರುತ್ತದೆ. ಕೊರಿಯಾ ದೇಶದಲ್ಲಿ ಕರ್ಣಕುಂಡಲದ ಹೂವೆಲೆಗಳನ್ನು ಪಟಿಕದೊಡನೆ ಜಜ್ಜಿ ಹುಡುಗಿಯರ ಉಗುರಿಗೆ ಕಟ್ಟುತ್ತಾರೆ. ಮೊದಲ ಹಿಮ ಬೀಳುವವರೆಗೆ ಆ ಬಣ್ಣ ಉಳಿದರೆ ಮೊದಲ ಪ್ರೇಮ ಕೈಗೂಡುತ್ತದೆಂಬುದು ಅಲ್ಲಿನ ಜನರ ನಂಬಿಕೆ. ನಮ್ಮಲ್ಲಿಯೂ ಮದರಂಗಿ ಕೆಂಪೇರಿದಷ್ಟೂ ಗಂಡನ ಒಲುಮೆ ಹೆಚ್ಚೆನ್ನುವರು. ಬಣ್ಣದ ಬಾಳಿಕೆಯನ್ನು ಬಾಂಧವ್ಯದ ಬಾಳಿಕೆಗೆ ಅಳತೆಗೋಲಾಗಿಸಿದ ಈ ನಂಬಿಕೆಗಳು ಹುಟ್ಟಿದ್ದು ಹಚ್ಚುವ ಬಣ್ಣದಿಂದಲ್ಲ, ಹತ್ತುವ ಬಣ್ಣದಿಂದ.

ಅಲತಗೆಗೆ ಬಣ್ಣವಿತ್ತು, ಬಾಳಿಕೆಯಿರಲಿಲ್ಲ. ಮದರಂಗಿಗೆ ಬಾಳಿಕೆಯಿದೆ, ಆದರೆ ಬಣ್ಣ ಒಂದೇ, ಹೊಳಪೂ ಇಲ್ಲ. ಹೊಳಪು, ಬಾಳಿಕೆ ಎರಡೂ ಇದ್ದುದು ತೊಳೆದುಳಿದ ಅರಗಿನಲ್ಲಿ. ಆದರೆ ಅದು ಕಾಯಿಸಿದರಲ್ಲದೆ ಹರಿಯದು. ಆದ್ದರಿಂದ ಮೈಗೆ ಒಗ್ಗದೆ ಬಳೆಗೂ ಮುದ್ರೆಗೂ ಮರಕ್ಕೂ ಸಂದಿತು. ಚನ್ನಪಟ್ಟಣದ ಬೊಂಬೆಗಳಲ್ಲಿ ಈ ವಿದ್ಯೆಯನ್ನು ಇಂದಿಗೂ ಕಾಣಬಹುದು. ಹಾಲೆಯ ಮರದ ತುಂಡುಗಳನ್ನು ಚೆನ್ನಾಗಿ ಒಣಗಿಸುತ್ತಾರೆ. ಕಡಚಲು ಯಂತ್ರಕ್ಕೆ ಸಿಕ್ಕಿಸಿ ಬೇಕಾದ ಆಕಾರಕ್ಕೆ ಕಡೆದು ಮೈಯನ್ನು ಉಜ್ಜಿ ನಯಗೊಳಿಸುತ್ತಾರೆ. ತಿರುಗುತ್ತಿರುವಾಗಲೇ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿದರೆ ತಿಕ್ಕಾಟದ ಬಿಸಿಗೆ ಅರಗು ಕರಗಿ ಮರವನ್ನು ತೆಳ್ಳಗೆ ಆವರಿಸುತ್ತದೆ. ಕೊನೆಗೆ ಕೇದಗೆಯ ಗರಿಯಿಂದ ಒತ್ತಿ ಹೊಳಪು ತರುತ್ತಾರೆ. ಇಲ್ಲಿ ಬಾಳಿಕೆಯ ಗುಟ್ಟು ಬಣ್ಣದಲ್ಲಷ್ಟೇ ಇಲ್ಲ. ಒಣಗಿದ ಮೈ, ನಯವಾದ ಮೈ, ತೆಳುವಾದ ಲೇಪ ಈ ಮೂರರಲ್ಲಿದೆ. ಮರ ಹಸಿಯಾಗಿದ್ದರೆ ಮುಂದೆ ಅದು ಕುಗ್ಗಿದಂತೆ ಮೇಲಿನ ಲೇಪ ಬಿರಿಯುತ್ತದೆ.

ಅರಗಿನೊಡನೆ ಅದರ ಹೆಸರೂ ಲೋಕಸಂಚಾರ ಮಾಡಿತು. ಸಂಸ್ಕೃತದ ಲಾಕ್ಷಾ, ಹಿಂದಿಯ ಲಾಖ್, ಪರ್ಷಿಯನ್ನಿನ ಲಾಕ್ ಎಂಬ ಈ ಬಳಗದಿಂದಲೇ ಯುರೋಪಿನ ಭಾಷೆಗಳ ‘ಲ್ಯಾಕರ್’ ಹುಟ್ಟಿತು. ಕೀಟಕ್ಕೆ ಸಂಬಂಧವೇ ಇಲ್ಲದ, ಮರದ ಹಾಲಿನಿಂದ ಮಾಡುವ ಚೀನಾ, ಜಪಾನುಗಳ ಲೇಪಕ್ಕೂ ಆ ಹೆಸರೇ ಅಂಟಿಕೊಂಡಿತು. ಕರಗುವ ಬಣ್ಣವನ್ನು ಲೋಹದ ಲವಣದೊಡನೆ ಸೇರಿಸಿ ಕರಗದ ಪುಡಿಯಾಗಿಸಿದರೆ ಅದಕ್ಕೆ ‘ಲೇಕ್’ ಎನ್ನುತ್ತಾರೆ. ಇದೂ ಅದೇ ಮೂಲದ ಪದ. ಇಂದಿನ ಕೆಂಪು ಉಗುರುಬಣ್ಣಗಳಲ್ಲಿ ಬಳಕೆಯಾಗುವ ವರ್ಣದ್ರವ್ಯಗಳಲ್ಲಿ ಇಂಥ ಲೇಕ್‌ಗಳು ಮುಖ್ಯವಾದವು. ಪದಾರ್ಥ ಕೈಬಿಟ್ಟುಹೋದರೂ ಪದ ಉಳಿದುಬಂದಿದೆ. ಈ ಬಳಗಕ್ಕೆ ಸೇರದ, ಸೇರಿದಂತೆ ಕಾಣುವ ಹೆಸರೂ ಒಂದುಂಟು. 1952ರಲ್ಲಿ ಟಾಟಾ ಸಂಸ್ಥೆ ಆರಂಭಿಸಿದ ‘ಲ್ಯಾಕ್ಮೆ’ ಲಾಕ್ಷಾದಿಂದ ಬಂದುದಲ್ಲ. ಅದು ‘ಲಕ್ಷ್ಮಿ’ಯ ಫ್ರೆಂಚ್ ರೂಪ. 1883ರಲ್ಲಿ ಪ್ಯಾರಿಸ್ಸಿನಲ್ಲಿ ರಂಗವೇರಿದ ಡೆಲಿಬ್‌ನ ಗೀತನಾಟಕದ ನಾಯಿಕೆಯ ಹೆಸರು ಅದು.

ಲಾಕ್ಷೆಯ ವಿಷಯದಲ್ಲಿ ಜೈನಪರಂಪರೆಯ ನಿಲುವು ಇಲ್ಲಿ ಉಲ್ಲೇಖನೀಯ. ಶ್ರಾವಕನು ಬಿಡಬೇಕಾದ ಹದಿನೈದು ಕರ್ಮಾದಾನಗಳಲ್ಲಿ ಲಾಕ್ಷಾವಾಣಿಜ್ಯವೂ ಒಂದು. ‘ಉಪಾಸಕದಶಾ’ದಲ್ಲಿಯೂ ಹನ್ನೆರಡನೆಯ ಶತಮಾನದ ಹೇಮಚಂದ್ರನ ‘ಯೋಗಶಾಸ್ತ್ರ’ದಲ್ಲಿಯೂ ಇವುಗಳ ನಿರೂಪಣೆಯಿದೆ. ಅಸಂಖ್ಯ ಕೀಟಗಳ ಹಿಂಸೆಯಿಂದಲ್ಲದೆ ಅರಗು ಕೈಸೇರದು ಎಂಬುದೇ ಇದರ ಹಿಂದಿನ ವಿವೇಕ. ಪಾದದ ಕೆಂಪಿನ ಹಿಂದಿರುವ ಜೀವವನ್ನು ಅವರು ಕಂಡಿದ್ದರು. ಶೃಂಗಾರಕಾವ್ಯದ ಅಲಕ್ತಕವನ್ನು ಓದುವವರು ಶ್ರಾವಕಾಚಾರದ ಲಾಕ್ಷೆಯನ್ನೂ ಓದಿದರೆ ಆ ಒಂದು ಪದಾರ್ಥದ ಚಿತ್ರ ಪೂರ್ಣವಾಗುತ್ತದೆ.

ಆಧುನಿಕ ಉಗುರುಬಣ್ಣ ಕೀಟದಿಂದಲ್ಲ, ಹತ್ತಿಯಿಂದ ಬಂದಿತು. ಬಾಸೆಲ್ ನಗರದ ರಸಾಯನವಿಜ್ಞಾನಿ ಶೋನ್‌ಬೈನ್ 1846ರಲ್ಲಿ ಲೋಕಕ್ಕೆ ಪ್ರಕಟಿಸಿದ ನೈಟ್ರೋಸೆಲ್ಯುಲೋಸ್ ಮೊದಲು ಹೆಸರಾದದ್ದು ಸ್ಫೋಟಕವಾಗಿ. ಸೂಕ್ತ ದ್ರಾವಕದಲ್ಲಿ ಕರಗಿಸಿ ಬಳಿದರೆ ದ್ರಾವಕ ಆರಿಹೋಗಿ ಪಾರದರ್ಶಕವಾದ ಗಟ್ಟಿ ಪೊರೆ ಉಳಿಯುತ್ತದೆಂಬುದು ಅನಂತರ ತಿಳಿಯಿತು. ಗಾಯದ ಮೇಲಿನ ಪೊರೆಯಾಗಿ, ಛಾಯಾಚಿತ್ರದ ಗಾಜಿನ ಮೇಲಿನ ಪೊರೆಯಾಗಿ, ಚಲನಚಿತ್ರದ ಸುರುಳಿಯಾಗಿ ಅದು ಬಳಕೆಗೆ ಬಂದಿತು. 1923ರಲ್ಲಿ ಡ್ಯುಪಾಂಟ್ ಸಂಸ್ಥೆಯ ‘ಡ್ಯೂಕೋ’ ಲೇಪ ಹೊರಬಂದಾಗ, ವಾರಗಟ್ಟಲೆ ಹಿಡಿಯುತ್ತಿದ್ದ ಮೋಟಾರು ಕಾರಿನ ಬಣ್ಣದ ಕೆಲಸ ಗಂಟೆಗಳ ಲೆಕ್ಕಕ್ಕೆ ಇಳಿಯಿತು. ಅದೇ ದಶಕದಲ್ಲಿ ಅದೇ ಕುಲದ ದ್ರವ ಬಾಟಲಿಗಳಲ್ಲಿ ತುಂಬಿ ಉಗುರಿಗೂ ಬಂದಿತು. 1932ರಲ್ಲಿ ಅಮೆರಿಕದಲ್ಲಿ ಸ್ಥಾಪನೆಯಾದ ರೆವ್ಲಾನ್, ತೆಳುವಾದ ಪಾರದರ್ಶಕ ಬಣ್ಣಗಳಿಗೆ ಬದಲಾಗಿ ದಟ್ಟ ವರ್ಣದ್ರವ್ಯ ಬೆರೆಸಿದ ಲೇಪವನ್ನು ಮಾರುಕಟ್ಟೆಗೆ ತಂದಿತು.

ಅರಗಿಗೂ ಈ ಹೊಸ ಲೇಪಕ್ಕೂ ಬೆಂಕಿಯ ನಂಟು ಸಮಾನ. ‘ವಿಕ್ರಮಾರ್ಜುನವಿಜಯ’ದಲ್ಲಿ ಪಂಪನೂ ಹೇಳಿರುವ ಅರಗಿನ ಮನೆಯ ಕಥೆ, ಹೊಳೆಯುವ ಲೇಪವೇ ಉರುವಲಾಗುವ ಕಥೆಯಾಗಿದೆ. ಕನ್ನಡದಲ್ಲಿ ಬೆಂಕಿಗೂ ಹಚ್ಚು, ಹತ್ತು ಎಂಬ ಕ್ರಿಯಾಪದಗಳೇ ಇವೆಯಷ್ಟೆ. ದೀಪದ ಬಳಿ, ಒಲೆಯ ಬಳಿ ಉಗುರುಬಣ್ಣದ ಬಾಟಲಿಯನ್ನಾಗಲಿ ಅದನ್ನು ತೆಗೆಯುವ ಅಸಿಟೋನನ್ನಾಗಲಿ ತೆರೆಯಬಾರದೆಂಬ ಎಚ್ಚರಿಕೆ ಇದಕ್ಕಾಗಿಯೇ.

ಉಗುರುಬಣ್ಣದ ಸ್ವಭಾವವನ್ನು ಹೀಗೆ ಅರಿತ ಮೇಲೆ ಅದು ಬೇಗ ಏಳುವುದೇಕೆಂಬುದು ಸ್ಪಷ್ಟವಾಗುತ್ತದೆ. ಅದು ಮದರಂಗಿಯಂತೆ ಒಳಗಿಳಿಯುವುದಿಲ್ಲ, ಮೇಲೆ ಕುಳಿತಿರುತ್ತದೆ. ಉಗುರು ನೀರನ್ನು ಹೀರಿ ಉಬ್ಬುತ್ತದೆ, ಒಣಗಿ ಕುಗ್ಗುತ್ತದೆ. ಮೇಲಿನ ಪೊರೆ ಅಷ್ಟು ಹಿಗ್ಗಲಾರದು. ಪಾತ್ರೆ ತೊಳೆಯುವ, ಬಟ್ಟೆ ಒಗೆಯುವ ಕೈಗಳಲ್ಲಿ ಅಂಚಿನಿಂದ ಬಣ್ಣ ಏಳುವುದಕ್ಕೆ ಇದೇ ದೊಡ್ಡ ಕಾರಣ. ಆದ್ದರಿಂದ ಮೊದಲು ಕೈಯನ್ನು ನೀರಿನಲ್ಲಿ ನೆನೆಸಿ ಉಗುರು ಮೆದುಮಾಡಿಕೊಂಡು ಒಡನೆಯೇ ಬಣ್ಣ ಹಚ್ಚುವ ವಾಡಿಕೆ ಬಾಳಿಕೆಗೆ ಪ್ರತಿಕೂಲ. ಅದು ಹಸಿ ಮರಕ್ಕೆ ಅರಗು ಹಿಡಿದಂತೆಯೇ. ಉಗುರು ಪೂರ್ತಿ ಒಣಗಿರಬೇಕು. ಅದರ ಮೇಲಿನ ಎಣ್ಣೆಯ ಅಂಶವನ್ನು ರಿಮೂವರ್‌ನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ ತೆಗೆಯಬೇಕು. ಹರಿತವಾದ ಅಂಚುಗಳನ್ನು ಅರದಿಂದ ಒಂದೇ ದಿಕ್ಕಿನಲ್ಲಿ ಮೆಲ್ಲನೆ ಉಜ್ಜಿ ನಯಮಾಡಬೇಕು.

ಅನಂತರದ್ದು ಲೇಪಕ್ರಮ. ಮೊದಲು ಉಗುರನ್ನು ಹಿಡಿದುಕೊಳ್ಳುವ ಬೇಸ್ ಕೋಟ್, ಬಳಿಕ ಬಣ್ಣದ ಎರಡು ತೆಳು ಲೇಪ, ಕಡೆಗೆ ಟಾಪ್ ಕೋಟ್. ಲೇಪ ದಪ್ಪವಾದರೆ ಮೇಲ್ಮೈ ಬೇಗ ಒಣಗಿ ಒಳಗಿನ ದ್ರಾವಕಕ್ಕೆ ಹೊರದಾರಿ ಮುಚ್ಚುತ್ತದೆ. ಒಣಗಿದಂತೆ ಕಂಡರೂ ಒಳಗೆ ಮೆದುವಾಗಿರುತ್ತದೆ. ರಾತ್ರಿ ಹೊದಿಕೆಯ ನೇಯ್ಗೆ ಬೆಳಗ್ಗೆ ಅದರ ಮೇಲೆ ಅಚ್ಚಾಗಿರುತ್ತದೆ. ಎರಡು ಲೇಪಗಳ ನಡುವೆ ಕೆಲವು ನಿಮಿಷ ಬಿಡಬೇಕು. ಪ್ರತಿ ಸಲವೂ ಕುಂಚವನ್ನು ಉಗುರಿನ ತುದಿಯ ಅಂಚಿಗೂ ಒಮ್ಮೆ ಎಳೆದು ಅಂಚನ್ನು ಮುಚ್ಚಬೇಕು. ಸುತ್ತಲಿನ ಚರ್ಮಕ್ಕೆ ತಾಗಿಸಬಾರದು, ಏಕೆಂದರೆ ಚರ್ಮ ಅಲುಗಿದಂತೆ ಬಣ್ಣವೂ ಅಲ್ಲಿಂದ ಏಳತೊಡಗುತ್ತದೆ. ಕೆಲವು ದಿನಗಳ ಬಳಿಕ ಟಾಪ್ ಕೋಟನ್ನು ಮತ್ತೊಮ್ಮೆ ಹಚ್ಚುವುದರಿಂದ ಬಾಳಿಕೆ ಹೆಚ್ಚುತ್ತದೆ. ಬಾಟಲಿಯ ಬಣ್ಣ ಗಟ್ಟಿಯಾದಾಗ ರಿಮೂವರ್ ಸುರಿಯುವುದು ಪೊರೆಯ ಹದ ಕೆಡಿಸುತ್ತದೆ. ಅದಕ್ಕೆಂದೇ ಇರುವ ಥಿನ್ನರ್‌ನ ಕೆಲವು ಹನಿ ಸಾಕು.

ಅಗ್ನಿಮಿತ್ರನು ಬಯಸಿದ ಸೇವೆ ಇಲ್ಲಿ ನಿಷ್ಪ್ರಯೋಜಕ. ಬಾಯಿಯ ಉಸಿರು ಬೆಚ್ಚಗಿನದು, ತೇವದ್ದು. ದ್ರಾವಕ ಆರುವಾಗ ಲೇಪದ ಮೈ ತಣ್ಣಗಾಗುವುದರಿಂದ ಆ ತೇವ ಅಲ್ಲಿ ಕುಳಿತು ಹೊಳಪನ್ನು ಮಸುಕುಗೊಳಿಸಬಲ್ಲದು. ಬಕುಲಾವಳಿಕೆ ಹೇಳಿದ ಗಾಳಿಯಾಡುವ ಎಡೆಯೇ ಮೇಲು. ಮೇಲ್ಮೈ ಕೆಲವೇ ನಿಮಿಷಗಳಲ್ಲಿ ಒಣಗಿದರೂ ಒಳಗೂ ಗಟ್ಟಿಯಾಗಲು ಗಂಟೆಗಳು ಬೇಕು. ಅಲ್ಲಿಯವರೆಗೆ ಬಿಸಿನೀರಿನಿಂದ ದೂರವಿರುವುದು ಲೇಸು. ಮುಂದೆ ನೀರಿನ ಕೆಲಸಕ್ಕೆ ಕೈಗವಸು ಬೇಕು. ಮದರಂಗಿಯ ರಾತ್ರಿಗೆ ಅಜ್ಜಿಯರು ವಿಧಿಸುತ್ತಿದ್ದ ನಿಯಮಗಳೂ ಹೆಚ್ಚುಕಡಿಮೆ ಇವೇ: ಕೈ ಒಣಗಿರಲಿ, ಆತುರ ಬೇಡ, ನೀರು ಸೋಕಿಸಬೇಡ.

ಈಚಿನ ಜೆಲ್ ಬಣ್ಣಗಳು ದ್ರಾವಕ ಆರುವುದರಿಂದಲ್ಲ, ದೀಪದ ಅತಿನೇರಳೆ ಕಿರಣಗಳ ಕೆಳಗೆ ಅಣುಗಳು ಹೆಣೆದುಕೊಳ್ಳುವುದರಿಂದ ಗಟ್ಟಿಯಾಗುತ್ತವೆ. ಎರಡು ವಾರಗಳ ಕಾಲ ನಿಲ್ಲುತ್ತವೆ. ಆದರೆ ಕಿತ್ತು ತೆಗೆದರೆ ಉಗುರಿನ ಪದರವೂ ಜೊತೆಯಲ್ಲಿ ಏಳುತ್ತದೆ. ಗಟ್ಟಿಯಾಗದ ಜೆಲ್ ಚರ್ಮಕ್ಕೆ ತಾಗಿದರೆ ಕೆಲವರಿಗೆ ಒಗ್ಗದಿಕೆ ಹುಟ್ಟುತ್ತದೆ. ಇವುಗಳಲ್ಲಿ 2010ರಲ್ಲಿ ಪ್ರಸಿದ್ಧಿಗೆ ಬಂದ ಒಂದರ ಹೆಸರು ‘ಶೆಲಾಕ್’, ಅಂದರೆ ಹಾಳೆಯರಗು; ಅದರಲ್ಲಿ ಅರಗಿನ ಲೇಶವೂ ಇಲ್ಲ. ಅರಗು ಬಿಟ್ಟುಹೋದರೂ ಅರಗಿನ ಹೆಸರು ಬಾಳಿಕೆಯ ಭರವಸೆಯಾಗಿ ಉಳಿದಿದೆ.

ಹೀಗೆ ಒಂದು ಕೆಂಪಿನ ಹಿಂದೆ ಮೂರು ಬೇರೆ ಬೇರೆ ವಿದ್ಯೆಗಳಿವೆ. ಅಲತಗೆ ಮೈಯಿಂದ ನೆಲಕ್ಕೆ ಹತ್ತುತ್ತಿತ್ತು. ಮದರಂಗಿ ಉಗುರಿನೊಳಗೆ ಹತ್ತುತ್ತದೆ. ಉಗುರುಬಣ್ಣವನ್ನು ಹಚ್ಚಬೇಕು, ಹತ್ತುವಂತೆ ಕಾಪಾಡಲೂ ಬೇಕು. ಪ್ರಾಚೀನ ಪಠ್ಯವನ್ನು ಅರ್ಥೈಸುವ ವಿದ್ಯಾರ್ಥಿಯು ಇವುಗಳಲ್ಲಿ ಯಾವುದು ಪ್ರಸ್ತುತವೆಂದು ಕೇಳಿಕೊಳ್ಳದೆ ಇಂದಿನ ಹೆಸರನ್ನು ಅಲ್ಲಿಗೆ ಅಂಟಿಸಿದರೆ, ಆ ಅರ್ಥವೂ ನೀರು ಕುಡಿದ ಉಗುರಿನ ಮೇಲಿನ ಬಣ್ಣದಂತೆ ಅಂಚಿನಿಂದಲೇ ಏಳತೊಡಗುತ್ತದೆ.